ಸಹಿ ಹಾಕಿದ ಸರ್ಕಾರದಿಂದ ಲೆಕ್ಕ ಕೇಳುವ ಬಗೆ

ಮಹಿಳೆಯರ ಸಮಾನತೆಗಾಗಿ ಸರ್ಕಾರಗಳು ಜಗತ್ತಿನ ಮುಂದೆ ಕೊಟ್ಟ ಮಾತುಗಳಿಗೆ ಬರವಿಲ್ಲ. ಆ ಮಾತನ್ನು ಯಾವ ಇಲಾಖೆ, ಯಾವ ದಿನಾಂಕದೊಳಗೆ, ಯಾವ ಹಣದಲ್ಲಿ ಈಡೇರಿಸಬೇಕಿತ್ತು ಎಂದು ಹೆಸರಿಟ್ಟು ಕೇಳುವವರು ಕಡಿಮೆ. ಮಹಿಳಾ ಸಂಘಟನೆ, ಕಾರ್ಮಿಕ ಸಂಘ, ವಕೀಲರ ಗುಂಪು, ಪತ್ರಕರ್ತರು, ಯಾರು ಬೇಕಾದರೂ ಹೀಗೆ ಕೇಳಬಹುದು. ಅದಕ್ಕೆ ಬೇಕಾದ ದಾರಿಗಳು ಒಪ್ಪಂದಗಳಲ್ಲೇ ಇವೆ. ಅವುಗಳನ್ನು ಬಳಸುವ ಕ್ರಮ ಇಲ್ಲಿದೆ. ಒಂದು ಸುತ್ತು ಮುಗಿಯಲು ನಾಲ್ಕೈದು ವರ್ಷ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಆದ್ದರಿಂದ ಒಂದು ಪತ್ರಿಕಾಗೋಷ್ಠಿಗೆ ಮುಗಿಯುವ ಕೆಲಸವೆಂದು ಶುರುಮಾಡಬೇಡಿ.

ಮೊದಲು: ಯಾವ ಮಾತು, ಎಷ್ಟು ಗಟ್ಟಿ

ಎಲ್ಲ ಮಾತುಗಳಿಗೂ ಒಂದೇ ತೂಕವಿಲ್ಲ. ಇವುಗಳನ್ನು ಬೆರೆಸಿದರೆ ಅಧಿಕಾರಿಗಳು ಮೊದಲ ಸಭೆಯಲ್ಲೇ ನಿಮ್ಮ ಅರ್ಜಿಯನ್ನು ಬದಿಗಿಡುತ್ತಾರೆ.

ಕಾನೂನಿನ ಬಲ ಇರುವುದು ಒಪ್ಪಂದಗಳಿಗೆ. ಮುಖ್ಯವಾದದ್ದು ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಪ್ಪಂದ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಇದನ್ನು ಸೀಡಾ ಎನ್ನುತ್ತಾರೆ. 1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಅಂಗೀಕರಿಸಿತು, 1981ರ ಸೆಪ್ಟೆಂಬರ್ 3ರಂದು ಜಾರಿಗೆ ಬಂತು. 189 ರಾಷ್ಟ್ರಗಳು ಇದಕ್ಕೆ ಬದ್ಧವಾಗಿವೆ. ಅಮೆರಿಕ 1980ರಲ್ಲಿ ಸಹಿ ಹಾಕಿದರೂ ಅನುಮೋದಿಸಿಲ್ಲ. ಸಹಿಗೂ ಅನುಮೋದನೆಗೂ ಇರುವ ಅಂತರ ಇದರಿಂದ ತಿಳಿಯುತ್ತದೆ: ಪೂರ್ತಿ ಬದ್ಧತೆ ಹುಟ್ಟುವುದು ಅನುಮೋದನೆಯಿಂದ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆಗಳೂ ಇದೇ ಗುಂಪಿಗೆ ಸೇರುತ್ತವೆ: ಸಮಾನ ವೇತನದ 100ನೆಯದು (1951), ಉದ್ಯೋಗದಲ್ಲಿ ತಾರತಮ್ಯದ 111ನೆಯದು (1958), ಮನೆಗೆಲಸದವರ 189ನೆಯದು (2011), ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ 190ನೆಯದು (2019).

ಮಹಿಳೆಯರ ಕುರಿತ ವಿಶ್ವ ಸಮ್ಮೇಳನ ಒಪ್ಪಿದ 1995ರ ಬೀಜಿಂಗ್ ಕಾರ್ಯಸೂಚಿ ಮತ್ತು ವಿಶ್ವಸಂಸ್ಥೆಯ 2015ರ ಸುಸ್ಥಿರ ಅಭಿವೃದ್ಧಿ ಗುರಿಗಳು ರಾಜಕೀಯ ಬದ್ಧತೆಗಳು. ಅವುಗಳನ್ನು ಮುಂದಿಟ್ಟು ಸರ್ಕಾರ ಕಾನೂನು ಮುರಿದಿದೆ ಎನ್ನಲಾಗದು. ಆದರೆ ಬೀಜಿಂಗ್‌ನ 12 ಕಾಳಜಿಯ ಕ್ಷೇತ್ರಗಳು, ಲಿಂಗ ಸಮಾನತೆಯ ಐದನೇ ಗುರಿಯ 9 ಉಪಗುರಿಗಳು ಒಪ್ಪಂದದ ವಿಧಿಗಳಿಗಿಂತ ವಿವರವಾಗಿವೆ. ಆದ್ದರಿಂದ ಬದ್ಧತೆಯನ್ನು ಸೀಡಾದ ವಿಧಿಯಿಂದ ತೋರಿಸಿ, ಅಳತೆಗೋಲನ್ನು ಈ ದಾಖಲೆಗಳಿಂದ ತೆಗೆದುಕೊಳ್ಳಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು, ಗಂಡಸರು ಎಷ್ಟು ಸಮಯ ಕೊಡುತ್ತಾರೆ ಎಂಬುದನ್ನು ಅಳೆಯಲು 5.4.1 ಎಂಬ ಸೂಚ್ಯಂಕವಿದೆ. ಸೀಡಾದ ಪಠ್ಯದಲ್ಲಿ ಅಷ್ಟು ಖಚಿತವಾದ ಅಳತೆ ಸಿಗುವುದಿಲ್ಲ.

ನಂತರ ಒಂದೇ ಪುಟದ ಮಾಹಿತಿ ಹಾಳೆ ಮಾಡಿಕೊಳ್ಳಿ. ದೇಶ ಅನುಮೋದಿಸಿದ ದಿನಾಂಕ, ವೈಯಕ್ತಿಕ ದೂರಿಗೆ ದಾರಿ ತೆರೆಯುವ ಪೂರಕ ಒಪ್ಪಂದವಾದ ಐಚ್ಛಿಕ ಪ್ರೋಟೋಕಾಲ್‌ಗೆ ಸೇರಿದೆಯೋ ಇಲ್ಲವೋ, ಸೀಡಾದ ಪಾಲನೆಯನ್ನು ಪರಿಶೀಲಿಸುವ ತಜ್ಞರ ಸಮಿತಿಗೆ ಕೊನೆಯ ವರದಿ ಯಾವಾಗ ಕೊಟ್ಟಿತು, ಮುಂದಿನದು ಯಾವಾಗ ಕೊಡಬೇಕು, ಸಮಿತಿ ಕಳೆದ ಬಾರಿ ಏನು ಹೇಳಿತು, ಒಪ್ಪಂದಕ್ಕೆ ಸರ್ಕಾರ ಯಾವ ತಕರಾರುಗಳನ್ನು ಸೇರಿಸಿದೆ. ಇವೆಲ್ಲವೂ ವಿಶ್ವಸಂಸ್ಥೆಯ ಒಪ್ಪಂದ ಸಂಗ್ರಹದಲ್ಲಿ ಮತ್ತು ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ತಕರಾರು ಎಂದದ್ದು ಇಂಗ್ಲಿಷಿನಲ್ಲಿ ರಿಸರ್ವೇಶನ್ ಎನ್ನುವುದನ್ನು. ಕನ್ನಡದಲ್ಲಿ ಕೆಲವರು ಇದನ್ನು ಮೀಸಲಾತಿ ಎಂದು ಬರೆದು ಓದುವವರನ್ನು ದಾರಿ ತಪ್ಪಿಸುತ್ತಾರೆ. ಇದು ಬೇರೆಯೇ ಸಂಗತಿ: ಈ ವಿಧಿಗೆ, ಅಥವಾ ಅದರ ಇಂತಿಷ್ಟು ಭಾಗಕ್ಕೆ, ನಾವು ಕಟ್ಟುಬೀಳುವುದಿಲ್ಲ ಎಂಬ ಸರ್ಕಾರದ ಲಿಖಿತ ಹೇಳಿಕೆ. ಹಕ್ಕು, ಹೊಣೆಗಳನ್ನು ಹೇಳುವ ವಿಧಿಗಳ ಪೈಕಿ ಹೆಚ್ಚು ತಕರಾರು ಬಿದ್ದಿರುವುದು ತಾರತಮ್ಯ ತೊಡೆಯುವ ಮೂಲ ಹೊಣೆಯ 2ನೇ ವಿಧಿಗೆ ಮತ್ತು ಮದುವೆ, ಕುಟುಂಬದ 16ನೇ ವಿಧಿಗೆ. ಒಪ್ಪಂದದ ಉದ್ದೇಶಕ್ಕೇ ವಿರುದ್ಧವಾದ ತಕರಾರಿಗೆ ಅವಕಾಶವಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ನಿಮ್ಮ ವಿಷಯ ತಕರಾರಿರುವ ವಿಧಿಯಡಿ ಬಂದರೆ ಎದೆಗುಂದಬೇಡಿ. ಅದೇ ಸಂಗತಿಯನ್ನು ತಕರಾರಿಲ್ಲದ ಇನ್ನೊಂದು ವಿಧಿಯಡಿಯಲ್ಲೂ ತರಬಹುದೇ ನೋಡಿ. ವಿಚ್ಛೇದನದ ನಂತರದ ಆಸ್ತಿಯ ಪ್ರಶ್ನೆಯನ್ನು 15ನೇ ವಿಧಿಯ ಕಾನೂನು ಸಮಾನತೆಯ ಅಡಿಯಲ್ಲೂ ಎತ್ತಬಹುದು. ಜೊತೆಗೆ, ತಕರಾರನ್ನು ಹಿಂಪಡೆಯಿರಿ ಎಂಬುದೂ ನಿಮ್ಮ ಬೇಡಿಕೆಗಳಲ್ಲಿ ಒಂದಾಗಲಿ.

ಹಳೆಯ ಶಿಫಾರಸುಗಳ ಕೋಷ್ಟಕ

ಹೊಸ ದೂರುಗಳಿಂದ ಆರಂಭಿಸುವುದು ಸಾಮಾನ್ಯ ತಪ್ಪು. ಸಮಿತಿ ಕಳೆದ ಸುತ್ತಿನ ಕೊನೆಯಲ್ಲಿ ಕೊಟ್ಟ ಅಂತಿಮ ಅವಲೋಕನದಿಂದ ಆರಂಭಿಸಿ. ಅದರಲ್ಲಿ ಪ್ರತಿ ಕಂಡಿಕೆಗೂ ಸಂಖ್ಯೆ ಇರುತ್ತದೆ. ಮುಂದಿನ ಸುತ್ತಿನಲ್ಲಿ ಸರ್ಕಾರ ಉತ್ತರಿಸಬೇಕಾದ ಮೊದಲ ಪ್ರಶ್ನೆ ಅದೇ: ಕಳೆದ ಸಲ ಹೇಳಿದ್ದನ್ನು ಮಾಡಿದಿರಾ?

ಆರು ಕಂಬಸಾಲುಗಳ ಕೋಷ್ಟಕ ಸಾಕು. ಕಂಡಿಕೆ ಸಂಖ್ಯೆ, ಸಮಿತಿಯ ಮಾತು (ಸಂಕ್ಷೇಪಿಸದೆ ಇದ್ದ ಹಾಗೆ), ಹೊಣೆ ಹೊತ್ತ ಇಲಾಖೆ, ಸರ್ಕಾರ ಮಾಡಿದ್ದೇವೆ ಎಂದು ಹೇಳಿಕೊಂಡದ್ದು (ಎಲ್ಲಿ ಹೇಳಿತು ಎಂಬುದರ ಸಮೇತ), ನಿಜಕ್ಕೂ ಆದದ್ದು, ಅದಕ್ಕೆ ನಿಮ್ಮ ಬಳಿ ಇರುವ ಪುರಾವೆ. ಇಲಾಖೆಯ ಕಂಬಸಾಲು ತುಂಬಲು ಹೊರಟಾಗ ಗೊತ್ತಾಗುತ್ತದೆ, ಎಷ್ಟೋ ಶಿಫಾರಸುಗಳಿಗೆ ಹೇಳಿಕೊಳ್ಳಲು ಮನೆಯೇ ಇರುವುದಿಲ್ಲ. ಮಹಿಳಾ ಸಚಿವಾಲಯಕ್ಕೆ ಕೇಳಿದರೆ ಅದು ಕಾನೂನು ಸಚಿವಾಲಯದ ಕೆಲಸ, ಅಲ್ಲಿ ಕೇಳಿದರೆ ಪೊಲೀಸರದ್ದು. ಇದನ್ನೂ ಬರೆದಿಡಿ. ಹೊಣೆಗಾರರೇ ಇಲ್ಲ ಎಂಬುದು ವರದಿಯಲ್ಲಿ ಹೇಳಬೇಕಾದ ಒಂದು ಫಲಿತಾಂಶ.

ಅಂತಿಮ ಅವಲೋಕನದಲ್ಲಿ ಹತ್ತಾರು ಶಿಫಾರಸುಗಳಿರುತ್ತವೆ. ಎಲ್ಲದರ ಬೆನ್ನು ಹತ್ತಬೇಡಿ. ಮೂರರಿಂದ ಐದು ಆರಿಸಿ. ಆರಿಸುವಾಗ ನೋಡಬೇಕಾದದ್ದು: ನಿಮ್ಮ ಹತ್ತಿರ ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ಇದೆಯೇ, ಈ ಐದು ವರ್ಷದಲ್ಲಿ ಬದಲಾಗುವ ಸಾಧ್ಯತೆ ಇದೆಯೇ, ಅದರಿಂದ ತೊಂದರೆಗೊಳಗಾದ ಹೆಂಗಸರು ಅದನ್ನೇ ಮುಖ್ಯವೆಂದು ಹೇಳುತ್ತಿದ್ದಾರೆಯೇ. ಮೂರನೆಯದನ್ನು ಬಿಟ್ಟು ಮೊದಲೆರಡರ ಮೇಲೆ ನಿಂತ ವರದಿಗಳು ಚೆನ್ನಾಗಿ ಕಾಣುತ್ತವೆ. ಮುಗಿದ ಮೇಲೆ ಅವುಗಳ ಬೆನ್ನಿಗೆ ನಿಲ್ಲುವವರು ಇರುವುದಿಲ್ಲ.

ಪುರಾವೆ

ಸೀಡಾದ 1ನೇ ವಿಧಿಯನ್ನು ಗಮನವಿಟ್ಟು ಓದಿ. ತಾರತಮ್ಯ ಮಾಡುವ ಉದ್ದೇಶ ಇರಬೇಕೆಂದಿಲ್ಲ, ಪರಿಣಾಮ ಹಾಗಿದ್ದರೂ ಸಾಕು. ಆದ್ದರಿಂದ ಪುರಾವೆ ಎರಡು ಮಟ್ಟದಲ್ಲಿ ಬೇಕು. ಕಾಯಿದೆಯ ಅಕ್ಷರದಲ್ಲಿ ಏನಿದೆ ಎಂಬುದು ಒಂದು, ಆ ಕಾಯಿದೆಯ ಬಾಗಿಲು ತಟ್ಟಿದ ಹೆಣ್ಣಿಗೆ ಏನಾಯಿತು ಎಂಬುದು ಇನ್ನೊಂದು. ಹೆಚ್ಚಿನ ಸರ್ಕಾರಿ ವರದಿಗಳು ಮೊದಲನೆಯದನ್ನಷ್ಟೇ ಹೇಳಿ ಮುಗಿಸುತ್ತವೆ: ಇಂಥ ಕಾಯಿದೆ ತಂದೆವು, ಇಂಥ ಯೋಜನೆ ಘೋಷಿಸಿದೆವು. ನಿಮ್ಮ ಕೆಲಸ ಶುರುವಾಗುವುದು ಎರಡನೆಯದರಲ್ಲಿ.

ಸರ್ಕಾರದ್ದೇ ಅಂಕಿಅಂಶವನ್ನು ಮೊದಲು ಬಳಸಿ. ಜನಗಣತಿ, ಆರೋಗ್ಯ ಸಮೀಕ್ಷೆ, ಕಾರ್ಮಿಕ ಸಮೀಕ್ಷೆ, ಲೆಕ್ಕಪರಿಶೋಧನಾ ವರದಿ, ಸಂಸತ್ತಿನಲ್ಲಿ ಮಂತ್ರಿಗಳು ಕೊಟ್ಟ ಉತ್ತರ, ನ್ಯಾಯಾಲಯದ ತೀರ್ಪು. ಇವುಗಳನ್ನು ಅಧಿಕಾರಿಗಳು ಸುಳ್ಳೆನ್ನಲಾರರು. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಅರ್ಜಿ ಹಾಕಿ, ಆದರೆ ವರದಿಯ ಕೊನೆಯ ದಿನಕ್ಕಿಂತ ಕನಿಷ್ಠ ಆರು ತಿಂಗಳು ಮುಂಚೆ. ಮೊದಲ ಉತ್ತರ ಅರೆಬರೆಯಾಗಿದ್ದರೆ ಮೇಲ್ಮನವಿಗೆ ಸಮಯ ಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ. ಏಕೆ ಎಂಬ ಪ್ರಶ್ನೆ ಬೇಡ. ಎಷ್ಟು, ಯಾವಾಗ, ಯಾರ ಆದೇಶದಿಂದ ಎಂದು ಕೇಳಿ. ಕೊಡಲು ಮಾಹಿತಿಯೇ ಇಲ್ಲ ಎಂಬ ಉತ್ತರ ಬಂದರೆ ಬೇಸರಪಡಬೇಡಿ, ಅದನ್ನು ಜೋಪಾನ ಮಾಡಿ. ಅಂಗವಿಕಲ ಮಹಿಳೆಯರ ಮೇಲಿನ ದೌರ್ಜನ್ಯದ ಲೆಕ್ಕವನ್ನು ಸರ್ಕಾರ ಬೇರೆಯಾಗಿ ಇಡುವುದೇ ಇಲ್ಲ ಎಂಬುದಕ್ಕೆ ಆ ಪತ್ರವೇ ಸಾಕ್ಷಿ. ವಯಸ್ಸು, ಊರು, ಸಮುದಾಯ, ಅಂಗವೈಕಲ್ಯದ ಪ್ರಕಾರ ಬಿಡಿಸಿದ ಅಂಕಿಅಂಶವನ್ನು ಸಮಿತಿ ಸುತ್ತು ಸುತ್ತಿಗೂ ಕೇಳುತ್ತದೆ.

ಅಂಕಿಗಳನ್ನು ಓದುವಲ್ಲಿ ಆಗುವ ಎಡವಟ್ಟುಗಳು ಹೆಚ್ಚು. ಅತ್ಯಾಚಾರದ ದೂರುಗಳ ಸಂಖ್ಯೆ ಏರಿತು ಎಂದ ಕೂಡಲೇ ಅತ್ಯಾಚಾರ ಹೆಚ್ಚಿತು ಎಂದು ಬರೆಯಬೇಡಿ. ಠಾಣೆಯ ಮೇಲೆ ನಂಬಿಕೆ ಬಂದು ದೂರು ಕೊಡುವವರು ಹೆಚ್ಚಿರಬಹುದು, ಅಪರಾಧದ ವ್ಯಾಖ್ಯೆ ವಿಸ್ತಾರವಾಗಿರಬಹುದು. ದೂರುಗಳಲ್ಲಿ ಎಷ್ಟಕ್ಕೆ ಆರೋಪಪಟ್ಟಿ ಸಲ್ಲಿಕೆಯಾಯಿತು, ಎಷ್ಟು ದಿನ ಹಿಡಿಯಿತು, ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬ ಸರಣಿಯನ್ನು ತೋರಿಸಿ. ಸರ್ಕಾರದ ನಡವಳಿಕೆ ಕಾಣುವುದು ಅಲ್ಲಿ. ಹಾಗೆಯೇ ಶೇಕಡಾವಾರು ಬರೆದರೆ ಒಟ್ಟು ಎಷ್ಟರಲ್ಲಿ ಎಂದೂ ಬರೆಯಿರಿ. ಎಂಟು ಪ್ರಕರಣದಲ್ಲಿ ನಾಲ್ಕನ್ನು ಶೇ 50 ಎಂದು ಬರೆದ ಸಾಲು ಒಮ್ಮೆ ಸಿಕ್ಕಿಬಿದ್ದರೆ, ಉಳಿದ ಇಡೀ ವರದಿಯ ಮೇಲೂ ಅನುಮಾನ ಹುಟ್ಟುತ್ತದೆ.

ಹಣದ ಲೆಕ್ಕವನ್ನು ಬಿಡಲೇಬೇಡಿ. ಬಜೆಟ್ಟಿನಲ್ಲಿ ಮೂರು ಅಂಕಿಗಳಿರುತ್ತವೆ: ವರ್ಷದ ಆರಂಭದ ಅಂದಾಜು, ನಡುವೆ ಬದಲಿಸಿದ ಪರಿಷ್ಕೃತ ಅಂದಾಜು, ಕೊನೆಗೆ ನಿಜವಾಗಿ ಖರ್ಚಾದದ್ದು. ಭಾಷಣಗಳಲ್ಲಿ ಕೇಳಿಬರುವುದು ಮೊದಲನೆಯದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಕನಿಷ್ಠ ಐದು ವರ್ಷದ ಸಾಲು ಮಾಡಿ, ಬೆಲೆಯೇರಿಕೆಯನ್ನು ಕಳೆದು ನೋಡಿ. ಹೆಸರಿಗೆ ಮಹಿಳೆಯರ ಬಾಬ್ತಿನಲ್ಲಿ ತೋರಿಸಿ, ಇಡೀ ಕುಟುಂಬಕ್ಕೆ ಸಲ್ಲುವ ಯೋಜನೆಯ ಪೂರ್ತಿ ಹಣವನ್ನು ಅದರಲ್ಲಿ ಸೇರಿಸಿದ್ದಾರೆಯೇ ಎಂಬುದನ್ನೂ ಪರೀಕ್ಷಿಸಿ.

ಹೆಂಗಸರ ಹೇಳಿಕೆಗಳು ಅಂಕಿಗೆ ಜೀವ ಕೊಡುತ್ತವೆ, ಅವರನ್ನು ಅಪಾಯಕ್ಕೂ ಒಡ್ಡುತ್ತವೆ. ಒಪ್ಪಿಗೆ ಕೇಳುವಾಗ ಮೂರು ಸಂಗತಿ ಬೇರೆಬೇರೆಯಾಗಿ ಹೇಳಿ: ನಿಮ್ಮ ಮಾತನ್ನು ಬರೆದುಕೊಳ್ಳುತ್ತೇವೆ, ಅದು ಅಂತರಜಾಲದಲ್ಲಿ ಎಲ್ಲರಿಗೂ ಕಾಣುವ ವರದಿಗೆ ಹೋಗುತ್ತದೆ, ಸರ್ಕಾರವೂ ಓದುತ್ತದೆ. ಮೊದಲನೆಯದಕ್ಕೆ ಹೂಂ ಎಂದವರು ಮೂರನೆಯದಕ್ಕೆ ಬೇಡ ಎನ್ನಬಹುದು, ಅದನ್ನು ಗೌರವಿಸಿ. ಹೆಸರು ತೆಗೆದರಷ್ಟೇ ಸಾಲದು. ಊರು, ವಯಸ್ಸು, ಮಕ್ಕಳ ಸಂಖ್ಯೆ, ಘಟನೆಯ ತಿಂಗಳು, ಈ ನಾಲ್ಕು ಸೇರಿದರೆ ಊರಿನವರು ಗುರುತು ಹಿಡಿಯುತ್ತಾರೆ. ಮೂಲ ಟಿಪ್ಪಣಿಯನ್ನು ಹೆಸರಿನ ಪಟ್ಟಿಯಿಂದ ಬೇರೆ ಇಡಿ.

ಪರ್ಯಾಯ ವರದಿ ಬರೆಯುವುದು

ಸರ್ಕಾರದ ವರದಿಯ ಪಕ್ಕದಲ್ಲಿ ಸಂಘಟನೆಗಳು ಸಲ್ಲಿಸುವ ವರದಿಯನ್ನು ಪರ್ಯಾಯ ವರದಿ ಅಥವಾ ನೆರಳು ವರದಿ ಎನ್ನುತ್ತಾರೆ. ಓದುವವರು ಸಮಿತಿಯ 23 ಮಂದಿ ತಜ್ಞರು. ಅವರಿಗೆ ಒಂದೇ ಅಧಿವೇಶನದಲ್ಲಿ ಹಲವು ದೇಶಗಳ ಕಡತಗಳಿರುತ್ತವೆ. ನಿಮ್ಮ ವರದಿಗೆ ಸಿಗುವುದು ಕೆಲವೇ ನಿಮಿಷ ಎಂದುಕೊಂಡೇ ಬರೆಯಿರಿ.

ಮೊದಲ ಪುಟದಲ್ಲಿ ನೀವು ಯಾರು ಎಂಬುದು ನಾಲ್ಕು ಸಾಲು, ಆಮೇಲೆ ಮುಖ್ಯವಾದ ಮೂರರಿಂದ ಐದು ಸಂಗತಿ. ಒಳಗೆ ಪ್ರತಿ ಸಂಗತಿಗೂ ಒಂದೇ ಕ್ರಮ ಇಟ್ಟುಕೊಳ್ಳಿ: ವಿಧಿಯ ಸಂಖ್ಯೆ, ಕಳೆದ ಅವಲೋಕನದ ಕಂಡಿಕೆ ಸಂಖ್ಯೆ, ಸರ್ಕಾರ ಹೇಳಿದ್ದು, ನಿಜ ಸ್ಥಿತಿ, ಸಮಿತಿ ಕೇಳಬೇಕಾದ ಪ್ರಶ್ನೆ, ಕೊಡಬೇಕಾದ ಶಿಫಾರಸು. ವಿಧಿಯ ಸಂಖ್ಯೆ ಬಿಡಬೇಡಿ, ಏಕೆಂದರೆ ತಜ್ಞರು ವಿಧಿಗಳನ್ನು ಹಂಚಿಕೊಂಡು ಪ್ರಶ್ನೆ ಕೇಳುತ್ತಾರೆ. ಶಿಕ್ಷಣದ 10ನೇ ವಿಧಿ, ಉದ್ಯೋಗದ 11, ಆರೋಗ್ಯದ 12, ಗ್ರಾಮೀಣ ಮಹಿಳೆಯರ 14, ಹೀಗೆ. ಒಪ್ಪಂದದ ಅರ್ಥವನ್ನು ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಬಿಡಿಸಿ ಹೇಳುವ ಸಮಿತಿಯ ಸಾಮಾನ್ಯ ಶಿಫಾರಸುಗಳನ್ನೂ ಜೋಡಿಸಿ. ದೌರ್ಜನ್ಯಕ್ಕೆ 1992ರ 19ನೆಯದು ಮತ್ತು ಅದನ್ನು ವಿಸ್ತರಿಸಿದ 2017ರ 35ನೆಯದು, ನ್ಯಾಯ ಪಡೆಯುವ ಹಕ್ಕಿಗೆ 2015ರ 33ನೆಯದು, ಗ್ರಾಮೀಣ ಮಹಿಳೆಯರಿಗೆ 2016ರ 34ನೆಯದು. ಒಪ್ಪಂದದ ಪಠ್ಯದಲ್ಲಿ ಮಹಿಳೆಯರ ಮೇಲಿನ ಹಿಂಸೆ ಎಂಬ ಪದವೇ ಇಲ್ಲ. ಅದನ್ನು ತಾರತಮ್ಯದ ಒಂದು ರೂಪವೆಂದು ಗಟ್ಟಿ ಮಾಡಿದ್ದು 19ನೇ ಶಿಫಾರಸು, ಆದ್ದರಿಂದ ಅದನ್ನು ಹೆಸರಿಸದ ದೌರ್ಜನ್ಯದ ಅಧ್ಯಾಯಕ್ಕೆ ಅಡಿಪಾಯ ಇರುವುದಿಲ್ಲ.

ಪದಮಿತಿ ಮತ್ತು ಸಲ್ಲಿಸುವ ಭಾಷೆ ಆಯಾ ಅಧಿವೇಶನದ ಸೂಚನಾ ಪತ್ರದಲ್ಲಿ ಇರುತ್ತದೆ. ಬರೆಯುವ ಮುಂಚೆಯೇ ಅದನ್ನು ಓದಿ. ಹಲವು ಸಂಘಟನೆಗಳು ಸೇರಿ ಒಂದೇ ವರದಿ ಕೊಟ್ಟರೆ ತೂಕ ಹೆಚ್ಚು. ಆದರೆ ಎಲ್ಲರ ಮಾತೂ ಸೇರಬೇಕು ಎಂದು ಹೊರಟ ಒಕ್ಕೂಟದ ವರದಿ ಕಿರಾಣಿ ಪಟ್ಟಿಯಂತಾಗುತ್ತದೆ. ವಿಧಿಗೊಬ್ಬರಂತೆ ಬರೆಯುವವರನ್ನು ನೇಮಿಸಿ, ಕೊನೆಗೆ ಒಬ್ಬರ ಕೈಗೆ ಕತ್ತರಿ ಕೊಡಿ. ಒಪ್ಪಿಗೆಯಾಗದ ವಿಷಯವಿದ್ದರೆ ಆ ಸಂಘಟನೆ ಬೇರೆ ಚಿಕ್ಕ ವರದಿ ಕೊಡಲಿ, ಅದರಿಂದ ನಷ್ಟವಿಲ್ಲ.

ಶಿಫಾರಸಿನ ಸಾಲಿಗೆ ಹೆಚ್ಚು ಹೊತ್ತು ಕೊಡಿ. ತಜ್ಞರು ನಿಮ್ಮ ವಾಕ್ಯವನ್ನೇ ಎತ್ತಿಕೊಳ್ಳಬಹುದು, ಆಗ ಅದೇ ಮುಂದಿನ ನಾಲ್ಕು ವರ್ಷದ ನಿಮ್ಮ ಆಯುಧ. ‘ಕೌಟುಂಬಿಕ ದೌರ್ಜನ್ಯ ತಡೆಗೆ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದರೆ ಒಂದು ವಿಚಾರ ಸಂಕಿರಣ ನಡೆಸಿ ಕ್ರಮ ಕೈಗೊಂಡೆವು ಎನ್ನುತ್ತಾರೆ. ಹೀಗೆ ಬರೆದು ನೋಡಿ: ‘ರಕ್ಷಣಾ ಆದೇಶ ಕೋರಿದ ಅರ್ಜಿಗಳು ಎಷ್ಟು ದಿನದಲ್ಲಿ ಇತ್ಯರ್ಥವಾದವು ಎಂಬ ಅಂಕಿಯನ್ನು ನ್ಯಾಯ ಸಚಿವಾಲಯ ಜಿಲ್ಲಾವಾರು ಪ್ರತಿ ವರ್ಷ ಪ್ರಕಟಿಸಬೇಕು, ತುರ್ತು ಆದೇಶ ಕೊಡುವ ಅಧಿಕಾರಿಯನ್ನು ಎರಡು ವರ್ಷದೊಳಗೆ ಪ್ರತಿ ಜಿಲ್ಲೆಗೂ ನೇಮಿಸಿ, ಅದಕ್ಕೆ ಪ್ರತ್ಯೇಕ ಹಣ ಇಡಬೇಕು.’ ಯಾರು, ಏನು, ಎಷ್ಟರೊಳಗೆ, ಯಾವ ಹಣದಿಂದ, ಆಯಿತೆಂದು ಹೇಗೆ ತಿಳಿಯುತ್ತದೆ, ಈ ಐದಕ್ಕೂ ಉತ್ತರ ಇಲ್ಲದ ಸಾಲನ್ನು ಮತ್ತೆ ಬರೆಯಿರಿ.

ಸರ್ಕಾರದ ಮಾಮೂಲಿ ಉತ್ತರಗಳು

ಸಚಿವಾಲಯದಲ್ಲಾಗಲಿ ಸಮಿತಿ ಸೇರುವ ಜಿನೀವಾದಲ್ಲಾಗಲಿ ಕೇಳಿಬರುವ ನೆಪಗಳು ಬಹುಮಟ್ಟಿಗೆ ಅವೇ. ಉತ್ತರ ಮೊದಲೇ ಸಿದ್ಧವಿರಲಿ.

‘ಇದು ಸಮಾಜದ ಸಮಸ್ಯೆ, ಸರ್ಕಾರ ಏನು ಮಾಡಲಾದೀತು?’ 2ನೇ ವಿಧಿಯ (ಇ) ಉಪವಿಧಿ ವ್ಯಕ್ತಿ, ಸಂಸ್ಥೆ, ಉದ್ಯಮಗಳು ಮಾಡುವ ತಾರತಮ್ಯವನ್ನೂ ತೊಡೆಯುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಗಂಡ ಹೊಡೆದರೆ ಹೊಡೆದವನು ಗಂಡ ನಿಜ. ತಡೆಯಲು, ತನಿಖೆ ಮಾಡಲು, ಶಿಕ್ಷಿಸಲು, ಪರಿಹಾರ ಕೊಡಿಸಲು ತಕ್ಕಷ್ಟು ಎಚ್ಚರ ವಹಿಸದ ಸರ್ಕಾರವೂ ಉತ್ತರಿಸಬೇಕು.

‘ಅದು ನಮ್ಮ ಸಂಸ್ಕೃತಿ.’ 5ನೇ ವಿಧಿಯ (ಎ) ಉಪವಿಧಿ ಹೆಣ್ಣು ಕೀಳು, ಗಂಡು ಮೇಲು ಎಂಬ ಎಣಿಕೆಯ ಮೇಲೆ ನಿಂತ ರೂಢಿಗಳನ್ನು ಬದಲಿಸಲು ಕ್ರಮ ಕೈಗೊಳ್ಳಬೇಕೆಂದೇ ಹೇಳುತ್ತದೆ. ಆ ವಿಧಿಗೆ ನಿಮ್ಮ ಸರ್ಕಾರದ ತಕರಾರು ಇದೆಯೇ ಎಂದು ಮೊದಲು ನೋಡಿಕೊಂಡು ಮಾತಾಡಿ.

‘ಹಣವಿಲ್ಲ, ಹಂತಹಂತವಾಗಿ ಮಾಡುತ್ತೇವೆ.’ 2ನೇ ವಿಧಿಯಲ್ಲಿರುವುದು ವಿಳಂಬವಿಲ್ಲದೆ ಎಂಬ ಮಾತು. ರಾಜಕೀಯ, ಧಾರ್ಮಿಕ, ಆರ್ಥಿಕ ಯಾವ ಕಾರಣದಿಂದಲೂ ವಿಳಂಬಕ್ಕೆ ಸಮರ್ಥನೆ ಇಲ್ಲ ಎಂದು 2010ರ 28ನೇ ಸಾಮಾನ್ಯ ಶಿಫಾರಸು ಬಿಡಿಸಿ ಹೇಳುತ್ತದೆ.

‘ಅದು ಪ್ರಾಂತ್ಯ ಸರ್ಕಾರಗಳ ಅಧಿಕಾರ.’ ಒಪ್ಪಂದ ಮಾಡಿಕೊಂಡದ್ದು ರಾಷ್ಟ್ರ. ಒಳಗಿನ ಕಾನೂನನ್ನು ತೋರಿಸಿ ಒಪ್ಪಂದದಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಒಪ್ಪಂದಗಳ ಕಾನೂನಿನ ಕುರಿತ 1969ರ ವಿಯೆನ್ನಾ ಒಪ್ಪಂದದ 27ನೇ ವಿಧಿ. ಆದರೆ ಈ ಉತ್ತರದಲ್ಲಿ ಒಂದು ಸುಳಿವೂ ಇದೆ: ನಿಜವಾದ ಕೆಲಸ ಪ್ರಾಂತ್ಯದ ಕಚೇರಿಯಲ್ಲಿ ಆಗಬೇಕಿದ್ದರೆ ನಿಮ್ಮ ಒತ್ತಡದ ಅರ್ಧಭಾಗ ಅಲ್ಲಿಗೂ ಹೋಗಲಿ.

‘ನಮ್ಮ ಕಾಯಿದೆ ಗಂಡು ಹೆಣ್ಣು ಇಬ್ಬರಿಗೂ ಒಂದೇ, ವಿಶೇಷ ಕ್ರಮ ಬೇಕಿಲ್ಲ.’ ಪರಿಣಾಮದ ಪ್ರಶ್ನೆ ಎತ್ತಿ, 4ನೇ ವಿಧಿ ತೋರಿಸಿ: ನಿಜವಾದ ಸಮಾನತೆಯನ್ನು ಬೇಗ ತರಲು ಕೈಗೊಳ್ಳುವ ತಾತ್ಕಾಲಿಕ ವಿಶೇಷ ಕ್ರಮಗಳು ತಾರತಮ್ಯವಲ್ಲ.

ದಿನಾಂಕಗಳು ಮತ್ತು ಜಿನೀವಾ

18ನೇ ವಿಧಿಯ ಪ್ರಕಾರ ಸೇರಿದ ಒಂದು ವರ್ಷದೊಳಗೆ ಮೊದಲ ವರದಿ, ಆಮೇಲೆ ನಾಲ್ಕು ವರ್ಷಕ್ಕೊಮ್ಮೆ. ವಾಸ್ತವದಲ್ಲಿ ವರದಿಗಳು ತಡವಾಗುತ್ತವೆ. ಸರ್ಕಾರ ವರದಿಯನ್ನೇ ಕೊಡದಿದ್ದರೂ ಸಮಿತಿ ಪರಿಶೀಲನೆ ನಡೆಸಬಹುದು. ಹೀಗಾಗಿ ಸರ್ಕಾರದ ವರದಿಗಾಗಿ ಕಾಯುತ್ತ ಕೂರಬೇಡಿ.

ಮಧ್ಯೆ ಪ್ರವೇಶಿಸಲು ಮೂರು ಹೊತ್ತುಗಳಿವೆ. ಮೊದಲನೆಯದು ಸಮಿತಿ ಸರ್ಕಾರಕ್ಕೆ ಪ್ರಶ್ನಾಪಟ್ಟಿ ತಯಾರಿಸುವಾಗ. ಸರಳೀಕೃತ ವಿಧಾನದಲ್ಲಿ ಈ ಪಟ್ಟಿ ಸರ್ಕಾರದ ವರದಿಗಿಂತ ಮುಂಚೆಯೇ ಬರುತ್ತದೆ, ಸರ್ಕಾರದ ವರದಿ ಆ ಪ್ರಶ್ನೆಗಳಿಗೇ ಉತ್ತರವಾಗಿರುತ್ತದೆ. ಬಹಳ ಸಂಘಟನೆಗಳು ಈ ಹಂತವನ್ನು ತಪ್ಪಿಸಿಕೊಂಡು ಕೊನೆಯ ಹಂತದಲ್ಲಿ ದೊಡ್ಡ ವರದಿ ತರುತ್ತವೆ. ಅಷ್ಟರಲ್ಲಿ ಮಾತಿನ ಹಾದಿ ಗೊತ್ತಾಗಿರುತ್ತದೆ. ಎರಡು ಮೂರು ಪುಟವಾದರೂ ಸರಿ, ಮೊದಲ ಹಂತಕ್ಕೇ ಕಳಿಸಿ. ಎರಡನೆಯದು ಅಧಿವೇಶನಕ್ಕೆ ಮುಂಚಿನ ಪೂರ್ಣ ವರದಿ. ಮೂರನೆಯದು ಅಧಿವೇಶನದ ವಾರ. ಸಂಘಟನೆಗಳ ಸಭೆಯಲ್ಲಿ ಒಂದು ದೇಶದ ಎಲ್ಲರಿಗೂ ಸೇರಿ ಕೆಲವೇ ನಿಮಿಷ ಸಿಗುತ್ತದೆ. ಯಾರು ಯಾವ ವಿಷಯ ಮಾತಾಡಬೇಕೆಂದು ಊರಲ್ಲೇ ತೀರ್ಮಾನಿಸಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿ ಹೋಗಿ. ಜಿನೀವಾಕ್ಕೆ ಹೋಗಲು ಹಣವಿಲ್ಲದಿದ್ದರೆ ವರದಿ ಮತ್ತು ಒಂದು ಪುಟದ ಪ್ರಶ್ನೆಪಟ್ಟಿಯೇ ಸಾಕಷ್ಟು ಕೆಲಸ ಮಾಡುತ್ತದೆ.

ಸರ್ಕಾರದ ನಿಯೋಗದ ಜೊತೆಗಿನ ಮಾತುಕತೆ ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ನೇರವಾಗಿ ಬರುತ್ತದೆ. ದೇಶದಲ್ಲಿ ಉಳಿದವರು ಒಟ್ಟಿಗೆ ಕೂತು ನೋಡಲಿ. ಇಬ್ಬರು ಮಂತ್ರಿಯ ಪ್ರತಿ ಭರವಸೆಯನ್ನು ಸಮಯದ ಸಮೇತ ಬರೆದುಕೊಳ್ಳಲಿ. ಹೇಳಿಕೆ ತಪ್ಪಾಗಿದ್ದರೆ ಸರಿಯಾದ ಅಂಕಿಯನ್ನು ಅಲ್ಲಿರುವ ನಿಮ್ಮವರಿಗೆ ಕೂಡಲೇ ಕಳಿಸಿ. ಸಚಿವರು ಬಾಯಿಬಿಟ್ಟು ಕೊಟ್ಟ ಮಾತು ಊರಿಗೆ ಬಂದ ಮೇಲೆ ಶಿಫಾರಸಿನಷ್ಟೇ ಉಪಯೋಗಕ್ಕೆ ಬರುತ್ತದೆ.

ಅವಲೋಕನ ಬಂದ ಮೇಲೆ

ಹೆಚ್ಚಿನ ಪ್ರಯತ್ನಗಳು ಸಾಯುವುದು ಇಲ್ಲಿ. ಹಣ ಮುಗಿದಿರುತ್ತದೆ, ದಣಿವು ಇರುತ್ತದೆ, ಗೆದ್ದೆವೆಂಬ ಭಾವವೂ ಇರುತ್ತದೆ. ಆರಂಭದಲ್ಲೇ ಸಮಯ ಮತ್ತು ಹಣದ ಅರ್ಧವನ್ನು ಈ ಹಂತಕ್ಕೆ ತೆಗೆದಿಡಿ.

ಮೊದಲ ಎರಡು ವಾರದಲ್ಲಿ ಅವಲೋಕನವನ್ನು ಜನರ ಭಾಷೆಗೆ ತನ್ನಿ. ಪೂರ್ತಿ ಅನುವಾದ ತಡವಾಗುವುದಾದರೆ ನಿಮ್ಮ ಐದು ಕಂಡಿಕೆಗಳನ್ನು ತಿಳಿಗನ್ನಡದಂಥ ಸರಳ ನುಡಿಯಲ್ಲಿ ಎರಡು ಪುಟ ಮಾಡಿ, ಹೇಳಿಕೆ ಕೊಟ್ಟ ಹೆಂಗಸರಿಗೆ ಮೊದಲು ಓದಿ ಹೇಳಿ. ಒಂದು ತಿಂಗಳೊಳಗೆ ಪ್ರತಿ ಇಲಾಖೆಗೂ ಬೇರೆ ಪತ್ರ ಬರೆಯಿರಿ. ಅದರಲ್ಲಿ ಆ ಇಲಾಖೆಗೆ ಸೇರಿದ ಕಂಡಿಕೆ ಮಾತ್ರ ಇರಲಿ, ಕೊನೆಯಲ್ಲಿ ಮೂರು ಪ್ರಶ್ನೆ: ಹೊಣೆಯ ಅಧಿಕಾರಿ ಯಾರು, ಮೊದಲ ಹೆಜ್ಜೆ ಯಾವ ತಿಂಗಳು, ಮುಂದಿನ ಬಜೆಟ್ಟಿನಲ್ಲಿ ಯಾವ ಶೀರ್ಷಿಕೆ. ಸಂಸತ್ ಸದಸ್ಯರಿಗೆ ಸಿದ್ಧ ಪ್ರಶ್ನೆಗಳನ್ನೇ ಬರೆದುಕೊಡಿ. ಬಜೆಟ್ ತಯಾರಿ ಶುರುವಾಗುವ ತಿಂಗಳು ತಿಳಿದುಕೊಂಡು ಅದಕ್ಕೆ ಮುಂಚೆ ಹಣಕಾಸು ಇಲಾಖೆಯನ್ನು ಕಾಣಿ. ಬಜೆಟ್ ಮಂಡನೆಯಾದ ಮೇಲೆ ಕೊಟ್ಟ ಮನವಿ ಮುಂದಿನ ವರ್ಷದ್ದಾಗುತ್ತದೆ.

ಅವಲೋಕನದ ಕೊನೆಯ ಭಾಗದಲ್ಲಿ ಕೆಲವೇ ಶಿಫಾರಸುಗಳನ್ನು ಹೆಸರಿಸಿ, ಎರಡು ವರ್ಷದೊಳಗೆ ಏನು ಮಾಡಿದಿರೆಂದು ತಿಳಿಸಿ ಎಂದು ಸಮಿತಿ ಹೇಳುತ್ತದೆ. ನಿಮ್ಮ ವಿಷಯ ಆ ಪಟ್ಟಿಯಲ್ಲಿ ಬರಬೇಕೆಂದು ಅಧಿವೇಶನದಲ್ಲೇ ಕೇಳಿಕೊಳ್ಳಿ. ಬಂದರೆ, ಎರಡನೇ ವರ್ಷದಲ್ಲಿ ನೀವೂ ಚಿಕ್ಕ ವರದಿ ಕಳಿಸಬಹುದು. ಸರ್ಕಾರ ಎಷ್ಟು ಮಾಡಿತು ಎಂಬುದನ್ನು ಸಮಿತಿ ಅಳೆದು ಪ್ರಕಟಿಸುತ್ತದೆ.

ನ್ಯಾಯಾಲಯವನ್ನು ಮರೆಯಬೇಡಿ. ಭಾರತದ ಸುಪ್ರೀಂ ಕೋರ್ಟ್ 1997ರ ವಿಶಾಖಾ ತೀರ್ಪಿನಲ್ಲಿ, ದೇಶದಲ್ಲಿ ಕಾಯಿದೆ ಇಲ್ಲದಿದ್ದಾಗ, ಸೀಡಾದ 11ನೇ ವಿಧಿಯನ್ನೂ 19ನೇ ಸಾಮಾನ್ಯ ಶಿಫಾರಸನ್ನೂ ಆಧರಿಸಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಮಾರ್ಗಸೂಚಿ ಹೊರಡಿಸಿತು. ಕಾಯಿದೆ ಬಂದದ್ದು 2013ರಲ್ಲಿ. ಒಪ್ಪಂದ ತಾನಾಗಿ ದೇಶದ ಕಾನೂನಾಗದ ಕಡೆಯೂ ಸಂವಿಧಾನದ ಹಕ್ಕನ್ನು ಅರ್ಥೈಸಲು ಅದನ್ನು ಮುಂದಿಡಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ವೈಯಕ್ತಿಕ ದೂರು

1999ರಲ್ಲಿ ಅಂಗೀಕಾರವಾಗಿ 2000ದ ಡಿಸೆಂಬರ್ 22ರಂದು ಜಾರಿಗೆ ಬಂದ ಐಚ್ಛಿಕ ಪ್ರೋಟೋಕಾಲ್‌ಗೆ ಸೇರಿದ ದೇಶಗಳಲ್ಲಿ ಮಾತ್ರ ಈ ದಾರಿ ತೆರೆದಿದೆ. ಅನ್ಯಾಯಕ್ಕೊಳಗಾದವರು, ಅಥವಾ ಅವರ ಒಪ್ಪಿಗೆಯಿಂದ ಅವರ ಪರವಾಗಿ ಇನ್ನೊಬ್ಬರು, ನೇರವಾಗಿ ಸಮಿತಿಗೆ ಬರೆಯಬಹುದು. ದೂರು ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ದೇಶದೊಳಗಿನ ಪರಿಹಾರಗಳನ್ನು ಕೊನೆಯವರೆಗೆ ಬಳಸಿಲ್ಲ. ಇನ್ನೂ ಸೂಕ್ಷ್ಮವಾದದ್ದೆಂದರೆ, ಲಿಂಗ ತಾರತಮ್ಯದ ವಾದವನ್ನು ದೇಶದ ನ್ಯಾಯಾಲಯದಲ್ಲಿ ಎತ್ತದೆ ಸಮಿತಿಯ ಮುಂದೆ ಮೊದಲ ಬಾರಿಗೆ ಎತ್ತುವುದು. ಆದ್ದರಿಂದ ಕೆಳ ನ್ಯಾಯಾಲಯದ ಅರ್ಜಿಯಲ್ಲೇ ಆ ವಾದ ಬರಲಿ. ಪರಿಹಾರ ವಿಪರೀತ ತಡವಾಗುತ್ತಿದ್ದರೆ, ಅಥವಾ ಫಲ ಕೊಡುವಂತೆ ಇಲ್ಲದಿದ್ದರೆ ವಿನಾಯಿತಿ ಇದೆ. ಅದನ್ನು ದಿನಾಂಕಗಳಿಂದ ಸಾಬೀತು ಮಾಡಬೇಕು. ಬೇರೊಂದು ಅಂತರರಾಷ್ಟ್ರೀಯ ವೇದಿಕೆ ಅದೇ ವಿಷಯವನ್ನು ನೋಡುತ್ತಿದ್ದರೆ ಇಲ್ಲಿ ನಡೆಯದು. ಪ್ರಾಣಕ್ಕೆ ಅಪಾಯವಿದ್ದರೆ ಪ್ರೋಟೋಕಾಲ್‌ನ 5ನೇ ವಿಧಿಯಡಿ ಮಧ್ಯಂತರ ರಕ್ಷಣೆ ಕೇಳಿ.

ತೀರ್ಮಾನಕ್ಕೆ ವರ್ಷಗಳು ಹಿಡಿಯುತ್ತವೆ, ಜಾರಿಗೆ ಇನ್ನಷ್ಟು. ಸ್ಪೇನ್‌ನಲ್ಲಿ ಹಿಂಸಾಚಾರಿ ಗಂಡನಿಂದ ಬೇರಾಗಿದ್ದ ತಾಯಿಯೊಬ್ಬಳು, ಮಗಳನ್ನು ಅವನ ಜೊತೆ ಒಂಟಿಯಾಗಿ ಬಿಡಬೇಡಿ ಎಂದು ಮತ್ತೆ ಮತ್ತೆ ದೂರು ಕೊಟ್ಟರೂ ಅಧಿಕಾರಿಗಳು ಕೇಳಲಿಲ್ಲ. 2003ರಲ್ಲಿ ಅವನು ಮಗುವನ್ನು ಕೊಂದ. ಸಮಿತಿ 2014ರಲ್ಲಿ ಸ್ಪೇನ್ ಹೊಣೆಯೆಂದು ಹೇಳಿತು. ಸರ್ಕಾರ ಪರಿಹಾರ ಕೊಡದಿದ್ದಾಗ ಆಕೆ ಮತ್ತೆ ದೇಶದ ನ್ಯಾಯಾಲಯಕ್ಕೇ ಹೋಗಬೇಕಾಯಿತು. ಸಮಿತಿಯ ತೀರ್ಮಾನಕ್ಕೆ ಸರ್ಕಾರ ಬದ್ಧ ಎಂದ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ 6 ಲಕ್ಷ ಯೂರೋ ಪರಿಹಾರಕ್ಕೆ ಆದೇಶಿಸಿತು. ದೂರು ಹಾಕುವ ಮುಂಚೆ, ಇಷ್ಟು ದೀರ್ಘ ಕಾಲ ಆ ಹೆಣ್ಣಿನ ಜೊತೆ ಯಾರು ನಿಲ್ಲುತ್ತಾರೆ ಎಂಬುದನ್ನು ತೀರ್ಮಾನಿಸಿ.

ಗಂಭೀರ ಅಥವಾ ವ್ಯವಸ್ಥಿತ ಉಲ್ಲಂಘನೆಗೆ ಪ್ರೋಟೋಕಾಲ್‌ನ 8ನೇ ವಿಧಿಯ ವಿಚಾರಣೆಯ ದಾರಿಯಿದೆ. ಮೆಕ್ಸಿಕೋದ ಸಿಯುದಾದ್ ಹುವಾರೆಸ್‌ನಲ್ಲಿ ಮಹಿಳೆಯರ ಸರಣಿ ಕೊಲೆ, ನಾಪತ್ತೆಗಳ ಬಗ್ಗೆ ಸಮಿತಿ ಮೊದಲು ಇದನ್ನು ಬಳಸಿತು. ಇಲ್ಲಿ ಒಬ್ಬ ದೂರುದಾರಳನ್ನು ಮುಂದೆ ನಿಲ್ಲಿಸಬೇಕಿಲ್ಲ. ಆದರೆ ಪ್ರೋಟೋಕಾಲ್‌ಗೆ ಸೇರುವಾಗಲೇ ಅದರ 10ನೇ ವಿಧಿಯಡಿ ದೇಶ ಇದರಿಂದ ಹೊರಗುಳಿದಿರಬಹುದು, ಪರಿಶೀಲಿಸಿ.

ಬೇರೆ ಬಾಗಿಲುಗಳು

ಪ್ರೋಟೋಕಾಲ್ ಇಲ್ಲದ ದೇಶಗಳವರಿಗೆ, ಸೀಡಾಕ್ಕೇ ಸೇರದ ದೇಶಗಳವರಿಗೆ ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆ ಬಹಳ ಉಪಯುಕ್ತ. ಮಾನವ ಹಕ್ಕುಗಳ ಮಂಡಳಿಯಲ್ಲಿ 193 ದೇಶಗಳನ್ನೂ ಸರದಿಯಂತೆ ಇತರ ದೇಶಗಳು ಪ್ರಶ್ನಿಸುತ್ತವೆ. ಒಂಟಿ ಸಂಘಟನೆಯ ವರದಿಗೆ 2,815 ಪದ, ಜಂಟಿ ವರದಿಗೆ 5,630 ಪದದ ಮಿತಿ. ಇಲ್ಲಿ ಶಿಫಾರಸು ಕೊಡುವವರು ಬೇರೆ ಸರ್ಕಾರಗಳು, ಆದ್ದರಿಂದ ರಾಯಭಾರ ಕಚೇರಿಗಳಿಗೆ ತಿಂಗಳುಗಳ ಮುಂಚೆ ಒಂದು ಪುಟದ ಟಿಪ್ಪಣಿ ಕೊಟ್ಟು ಭೇಟಿಯಾಗಬೇಕು. ಸರ್ಕಾರ ಪ್ರತಿ ಶಿಫಾರಸನ್ನೂ ಒಪ್ಪಿದೆ ಅಥವಾ ಗಮನಿಸಿದೆ ಎಂದು ಹೇಳಬೇಕಾಗುತ್ತದೆ. ಒಪ್ಪಿದ್ದು ಊರಲ್ಲಿ ಕೇಳಲು ಬಲವಾದ ಆಧಾರ.

ಕಾರ್ಮಿಕ ಒಡಂಬಡಿಕೆಗಳ ವಿಷಯದಲ್ಲಿ ಮಹಿಳಾ ಸಂಘಟನೆಗಳಿಗೆ ನೇರ ಪ್ರವೇಶವಿಲ್ಲ, ಕಾರ್ಮಿಕ ಸಂಘದ ಮೂಲಕ ಹೋಗಬೇಕು. ಸರ್ಕಾರ ತನ್ನ ವರದಿಯ ಪ್ರತಿಯನ್ನು ಪ್ರಾತಿನಿಧಿಕ ಕಾರ್ಮಿಕ ಸಂಘಗಳಿಗೆ ಕೊಡಲೇಬೇಕು. 100 ಮತ್ತು 111ನೇ ಒಡಂಬಡಿಕೆಗಳ ವರದಿ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಸಂಘದ ಟೀಕೆ ಸೆಪ್ಟೆಂಬರ್ 1ರೊಳಗೆ ತಲುಪಿದರೆ ಆ ವರ್ಷದ ಪರಿಶೀಲನೆಗೆ ಸಿಗುತ್ತದೆ. ಮನೆಗೆಲಸದವರ ಸಂಘ ಚಿಕ್ಕದಾಗಿದ್ದರೆ ದೊಡ್ಡ ಒಕ್ಕೂಟದ ಜೊತೆ ಮೊದಲೇ ಮಾತಾಡಿಕೊಳ್ಳಿ.

ನ್ಯೂಯಾರ್ಕಿನಲ್ಲಿ ಪ್ರತಿ ಮಾರ್ಚ್‌ನಲ್ಲಿ ಸೇರುವ ಮಹಿಳಾ ಸ್ಥಾನಮಾನ ಆಯೋಗ ಬೀಜಿಂಗ್ ಕಾರ್ಯಸೂಚಿಯನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಅಲ್ಲಿ ಸಂಪರ್ಕ ಬೆಳೆಯುತ್ತದೆ, ಉತ್ತರ ಸಿಗುವುದು ಕಡಿಮೆ. ಖರ್ಚು ಮಾಡುವ ಮುನ್ನ ಯೋಚಿಸಿ. ಮಹಿಳೆಯರ ಮೇಲಿನ ದೌರ್ಜನ್ಯದ ವಿಶೇಷ ವರದಿಗಾರರಿಗೆ, 1994ರಿಂದ ಇರುವ ಹುದ್ದೆ ಅದು, ತುರ್ತು ಪ್ರಕರಣಗಳನ್ನು ಬರೆಯಬಹುದು. ಅದಕ್ಕೆ ದೇಶ ಯಾವ ಪ್ರೋಟೋಕಾಲ್‌ಗೂ ಸೇರಿರಬೇಕಿಲ್ಲ.

ಸುರಕ್ಷತೆ ಮತ್ತು ಕಡತ

ವರದಿ ಕೊಟ್ಟವರಿಗೆ ಬೆದರಿಕೆ, ಪ್ರಯಾಣ ತಡೆ, ಸಂಘದ ನೋಂದಣಿ ರದ್ದು ಆಗುವುದುಂಟು. ಇಂಥ ಪ್ರತೀಕಾರದ ವಿರುದ್ಧ ಒಪ್ಪಂದ ಸಮಿತಿಗಳ ಅಧ್ಯಕ್ಷರು 2015ರಲ್ಲಿ ಸ್ಯಾನ್ ಹೋಸೆ ಮಾರ್ಗಸೂಚಿಗಳನ್ನು ಒಪ್ಪಿದ್ದಾರೆ. ಅಪಾಯವಿದ್ದರೆ ವರದಿಯನ್ನು ಗೋಪ್ಯವಾಗಿಡಲು ಸಲ್ಲಿಸುವಾಗಲೇ ಬರೆದು ಕೇಳಿ, ಆಮೇಲೆ ಕೇಳಿದರೆ ಅಷ್ಟರಲ್ಲಿ ಜಾಲತಾಣಕ್ಕೆ ಏರಿರುತ್ತದೆ. ಘಟನೆ ನಡೆದರೆ ದಿನಾಂಕ, ಸಮಯ, ಮಾತು, ಸಾಕ್ಷಿ ಎಲ್ಲವನ್ನೂ ಅಂದೇ ದಾಖಲಿಸಿ ಸಮಿತಿಯ ಕಾರ್ಯಾಲಯಕ್ಕೆ ತಿಳಿಸಿ.

ಮುಂದಿನ ಸುತ್ತಿಗೆ ಬರೆಯುವವರು ಬೇರೆಯವರಾಗಿರಬಹುದು. ಕೋಷ್ಟಕ, ಇಲಾಖೆಗಳ ಉತ್ತರ ಪತ್ರ, ಮಾತುಕತೆಯ ಟಿಪ್ಪಣಿ, ಬಜೆಟ್ ಸಾಲುಗಳು ಒಂದೇ ಕಡತದಲ್ಲಿ, ಕನಿಷ್ಠ ಎರಡು ಸಂಘಟನೆಗಳ ಕೈಯಲ್ಲಿ ಇರಲಿ. ಹೆಸರಿನ ಪಟ್ಟಿ ಮಾತ್ರ ಆ ಕಡತದ ಹೊರಗೆ, ಬೀಗದೊಳಗೆ. ಆರು ತಿಂಗಳಿಗೊಮ್ಮೆ ಕೋಷ್ಟಕದ ಐದನೇ ಕಂಬಸಾಲನ್ನು ತೆರೆದು, ಆ ದಿನದವರೆಗೆ ಆದದ್ದನ್ನು ತುಂಬಿ, ಪಕ್ಕದಲ್ಲಿ ದಿನಾಂಕ ಹಾಕಿ.